ಬೀಗ ಹಾಕುವ ಮೊದಲೇ ಹಾಕಿದ ನಿದ್ದೆರಸ

ಇಸವಿ ೨೩೯೧, ಎರಡನೇ ಬೇಸಿಗೆಯ ೩೪ನೇ ತಾರೀಖು, ಗುರುವಾರ ಮಧ್ಯಾಹ್ನ. ಅತ್ತೆಯ ಮನೆಯ ಮಾಳಿಗೆ, ಕೊಳದ ಕಟ್ಟೆ.

ಮುನ್ನೂರೈವತ್ತು ವರ್ಷ ಹಿಂದಿರುವವರಿಗೆ ನಮಸ್ಕಾರ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಕೆರೆಯಿಂದ ಕಸವೆಂದು ಬಾಚಿ ಎಸೆಯುವ ಪುಟ್ಟ ತೇಲುವ ಎಲೆಯೇ ನಮ್ಮ ಹಸಿರಕ್ಕಿ. ರೊಟ್ಟಿ, ಸಾರು, ಹಪ್ಪಳ ಎಲ್ಲವೂ ಅದರದೇ. ಪ್ರತಿ ಮಾಳಿಗೆಯಲ್ಲೂ ಅದಕ್ಕೊಂದು ಕೊಳವಿದೆ. ಮನೆಯವರು ಪರವೂರಿಗೆ ಹೊರಟಾಗ ಕೊಳಕ್ಕೆ ಒಂದು ಚಮಚ ನಿದ್ದೆರಸ ಹಾಕುತ್ತೇವೆ. ಕಷ್ಟಕಾಲದಲ್ಲಿ ಗಿಡಗಳು ತಾವೇ ಮಾಡಿಕೊಳ್ಳುವ ಹಾರ್ಮೋನು ಅದು. ತಗುಲಿದ ಕೆಲವೇ ಗಂಟೆಗಳಲ್ಲಿ ಎಲೆ ಇನೊಸಿಟಾಲ್ ಎಂಬ ಸಿಹಿ ಪದಾರ್ಥವನ್ನು ತಯಾರಿಸತೊಡಗುತ್ತದೆ. ಆಮೇಲೆ ಬೆಳೆಯುವುದನ್ನು ಬಿಟ್ಟು, ಪಿಷ್ಟ ತುಂಬಿಕೊಂಡು, ದಪ್ಪ ಮೊಗ್ಗಾಗಿ ತಳಕ್ಕಿಳಿದು ಮಲಗುತ್ತದೆ. ಮೂರು ದಿನದೊಳಗೆ ನೀರು ಬದಲಿಸಿದರೆ ಮನಸ್ಸು ಬದಲಿಸೀತು. ತಡವಾದರೆ ಎರಡು ತಿಂಗಳು ಯಾರು ಕೂಗಿದರೂ ಏಳುವುದಿಲ್ಲ.

ಅತ್ತೆ ಚೂಡಾಮಣಿಯಮ್ಮ ಮಂಗಳವಾರ ನಮ್ಮನ್ನೆಲ್ಲ ಕರೆದುಕೊಂಡು ತಂಗಿಯ ಊರಿಗೆ ಹೊರಡುವವರಿದ್ದರು. "ಬಾಗಿಲಿಗೆ ಬೀಗ ಬಿದ್ದ ಮೇಲೆ ರಸ ಹಾಕಿ" ಎಂದಿದ್ದರು. ಮನೆ ಅಳಿಯನಾದ ನಾನು ಚುರುಕಿನವನೆನಿಸಿಕೊಳ್ಳಲು ಸೋಮವಾರ ಸಂಜೆಯೇ ಹಾಕಿಬಿಟ್ಟೆ. ಬೆಳಗ್ಗೆ, ಇಲ್ಲಿನ ಪದ್ಧತಿಯಂತೆ, ಒಂದೆಲೆ ಕಚ್ಚಿ ನೋಡಿದೆ. ಸಿಹಿಯಾಗಿತ್ತು. ಶಭಾಶ್ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಫೋನ್ ಇಟ್ಟು, "ನಾವು ಹೋಗೋದು ಬೇಡ್ವಂತೆ. ಶುಕ್ರವಾರ ಅವರೇ ಬರ್ತಾರೆ, ಮೂವತ್ತು ಜನ. ಒಂದು ತಿಂಗಳು ಇರ್ತಾರೆ" ಎಂದರು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಿನ್ನೆ ಅವರು ಕೊಳಕ್ಕೆ ಬಗ್ಗಿ, "ಏನ್ರೀ ಅಳಿಯಂದ್ರೇ, ಎಲೆ ಯಾಕೆ ಹೀಗೆ ಊದ್ಕೊಂಡಿದೆ?" ಎಂದರು.

"ನೆಂಟರು ಬರೋ ಖುಷಿಗೆ ಮೈ ತುಂಬ್ಕೊಂಡಿದೆ ಅತ್ತೆ."

"ನೆಂಟರು ಬಂದ್ರೆ ಮೈ ಇಳಿಯತ್ತೆ, ತುಂಬಲ್ಲ."

ನೀರು ಬದಲಿಸುವ ಗಡುವು ಇಂದು ಸಂಜೆಗೆ ಮುಗಿಯುತ್ತದೆ. ಕೊಳ ತುಂಬುವಷ್ಟು ನೀರಿರುವುದು ಕೆಳಗಿನ ಮಳೆತೊಟ್ಟಿಯಲ್ಲಿ ಮಾತ್ರ. ತಂಗಿಯ ಎಣ್ಣೆಸ್ನಾನಕ್ಕೆಂದು ಅತ್ತೆ ಅದನ್ನು ಮುಟ್ಟಗೊಡದೆ ಕಾದಿಟ್ಟಿದ್ದಾರೆ. ತೊಟ್ಟಿಯ ಬೀಗದ ಕೈ ಅವರ ಸೊಂಟದಲ್ಲಿದೆ. ನನ್ನ ಹೆಂಡತಿ ಹಂಸಿನಿ ಎಲ್ಲ ಕೇಳಿ, "ಅಮ್ಮನಿಗೆ ನೀವೇ ಹೇಳಿ. ಆ ಹೊತ್ತಿಗೆ ನಾನು ಪಕ್ಕದ ಮನೇಲಿರ್ತೀನಿ" ಎಂದು ಆಗಲೇ ಹೊರಟಿದ್ದಾಳೆ.

ನಿಮ್ಮಲ್ಲೊಂದು ವಿನಂತಿ. ಮುಂದಿನ ಸಲ ಕೆರೆ ಬಾಚುವಾಗ ಈ ಎಲೆಯನ್ನು ಒಂದು ಹಿಡಿಯಾದರೂ ಉಳಿಸಿ. ಮೂವತ್ತು ಜನರ ಊಟ ಅದರ ಮೇಲೆ ನಿಂತಿದೆ.

ಅತ್ತೆಗೆ ಎಲ್ಲವನ್ನೂ ಹೇಳಿ ಬೀಗದ ಕೈ ಕೇಳುವುದೆಂದು ತೀರ್ಮಾನಿಸಿದ್ದೇನೆ. ಚಪ್ಪಲಿಯನ್ನೂ ಮೆಟ್ಟಿಕೊಂಡಿದ್ದೇನೆ. ಅವರು ಕೆಳಗೆ ಜೋರಾಗಿ ಹಾಸಿಗೆ ಎಣಿಸುತ್ತಿದ್ದಾರೆ, ಇಪ್ಪತ್ತೆಂಟಕ್ಕೆ ಬಂದಿದ್ದಾರೆ. ಮೂವತ್ತಾಗಲಿ.