ಓಂಕಾರರಿಗೆ ಉಳಿದ ಶಬ್ದ

ಪಣಜಿ
14 ಜುಲೈ 2024

ಪ್ರೀತಿಯ ಶ್ರೀರಂಜನಿ ವೈನಿಗೆ ಮೃದುಲಾಳ ನಮಸ್ಕಾರ.

ನೀವು ಧಾರವಾಡದಿಂದ ಕಳಿಸಿದ ಮೆಂತ್ಯದ ಹಿಟ್ಟು ತಲುಪಿ ವಾರಗಳಾದವು. ಬರೆಯಲು ತಡವಾಯಿತು, ಬೇಸರಿಸಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಪಕ್ಕದಲ್ಲಿ ಭಾವನವರು ಇರುತ್ತಾರೆ.

ಆಸರೆ ಕೊಟ್ಟರೆ ಇವರು ಈಗ ಕೂಡುತ್ತಾರೆ. ಮಾತು ತೊದಲುತ್ತದೆ ಎಂದಷ್ಟೇ ನಿಮಗೆ ಹೇಳಿದ್ದೆ. ಖರೇ ಅಂದರೆ ಪಾರ್ಶ್ವವಾಯು ಎಲ್ಲವನ್ನೂ ಒಯ್ದು ಒಂದೇ ಶಬ್ದ ಬಿಟ್ಟಿದೆ: ‘ಸಾರಿ’. ಹಗಲು ಇವರನ್ನು ನೋಡಿಕೊಳ್ಳುವ ಜೈನಬ ನಗುತ್ತಾಳೆ: “ನೀರ್ ಬೇಕಂದ್ರೂ ಸಾರಿ, ಫ್ಯಾನ್ ಹಚ್ಚಂದ್ರೂ ಸಾರಿ. ನಮ್ಮ ಸಾಹೇಬ್ರಷ್ಟು ಮರ್ಯಾದಸ್ಥರು ಇಡೀ ಪಣಜ್ಯಾಗ ಇಲ್ರೀ ಬಾಯಿ!” ಹೀಗಾಗುವುದುಂಟು, ಉಳಿದ ಶಬ್ದಕ್ಕೆ ಅರ್ಥ ಹುಡುಕಬೇಡಿ ಎಂದರು ಡಾಕ್ಟರು.

ನಾನು ಹುಡುಕಿದೆ. ‘ಸಾರೋ’, ಅಂದರೆ ದುಃಖ, ಅದರಿಂದ ಹುಟ್ಟಿದ ಶಬ್ದವೆಂದುಕೊಂಡಿದ್ದೆ. ಅಲ್ಲವಂತೆ. ಹುಣ್ಣು, ನೋವು ಎನ್ನುವ ‘ಸೋರ್’ನಿಂದ ಬಂದದ್ದು ಎನ್ನುತ್ತದೆ ನಿಘಂಟು. ಮೊದಮೊದಲು ಹಾಗೆಂದವರು ತಪ್ಪೊಪ್ಪಿಕೊಳ್ಳುತ್ತಿರಲಿಲ್ಲ, ತಮಗೆ ನೋವಾಗಿದೆ ಎನ್ನುತ್ತಿದ್ದರು. ಈಗ ಇಲ್ಲಿನ ಬಸ್ಸಿನಲ್ಲಿ ಮೈ ತಾಗಿದರೂ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಯಾರು ಅಂದಿದ್ದಾರೆ, ವೈನಿ? ಜಗಳವಾಡಿದವರು ಚಹಾ ಮಾಡಿ ತಂದು ಮುಂದಿಡುತ್ತಾರೆ. ಎದುರಿನವರು ಕುಡಿದರೆ ಮುಗಿಯಿತು. ಅತ್ತೆಯವರ ಮೊದಲ ಶ್ರಾದ್ಧ ತಪ್ಪಿಸಿದ ಮೇಲೆ ಇವರು ನಿಮ್ಮಲ್ಲಿಗೆ ಬಂದು ಚಹಾ ಮಾಡಿ ಇಟ್ಟರು. ಭಾವನವರು ಕಪ್ಪು ಮುಟ್ಟಲಿಲ್ಲ. “ಬಾಯಿಬಿಟ್ಟು ತಪ್ಪಾತು ಅನ್ನು. ಅಲ್ಲೀತನಕ ನಿನ್ನ ಮನಿ ಹೊಸ್ತಿಲಾ ತುಳಿಯೂದಿಲ್ಲ” ಅಂದರು. ಇವರು ಅನ್ನಲಿಲ್ಲ.

ಮಂಗಳವಾರ ಭಾವನವರು ತಾವಾಗಿಯೇ ಫೋನ್ ಮಾಡಿದಾಗ ಜೈನಬ ಅದನ್ನು ಇವರ ಕಿವಿಗೆ ಹಿಡಿದಳು. ಇವರು ಆ ಶಬ್ದ ಅಂದರು. ನಾನು ಪಕ್ಕದ ಕೋಣೆಯಿಂದ ಬಂದು ಫೋನ್ ತೆಗೆದುಕೊಂಡರೆ ಅತ್ತಲಿಂದ ಅಳು. “ಮೃದುಲಾ, ತಮ್ಮಾ ಅಂದನವಾ! ಇಷ್ಟ ಸಾಕು ನನಗ. ಶ್ರಾವಣ ಹಿಡಿದ ಕೂಡ್ಲೇ ಬರ್ತೇನಿ, ಅಲ್ಲೇ ಇರ್ತೇನಿ.”

ಇವರು ಕೇಳಿದ್ದು ನೀರೇ ಇದ್ದೀತು. ನಾನು ಹೇಳಬೇಕಿತ್ತು. “ಬರ್ರಿ” ಅಂದುಬಿಟ್ಟೆ. ಜೈನಬ ಸಂಜೆ ಹೋದಮೇಲೆ ಇವರನ್ನು ಎತ್ತಲು, ಮಗ್ಗುಲು ಬದಲಿಸಲು ನಾನೊಬ್ಬಳೇ. ಕೈ ಸೋತಿವೆ, ವೈನಿ. ಅನ್ನ ಬಾಯಿಗಿಡುತ್ತ ನಾನೇ ಅಳುತ್ತೇನೆ. ನಿಜ ಹೇಳಿದರೆ ಭಾವನವರು ಬರದೆ ಹೋದಾರು. ಹೇಳದಿದ್ದರೆ, ತಮ್ಮನು ಫ್ಯಾನಿಗೂ ಅದನ್ನೇ ಅನ್ನುವುದನ್ನು ಇಲ್ಲಿ ಕೂತು ಕೇಳುತ್ತಾರೆ. ಅವರಿಗೆ ಅಂಥ ಮೋಸ ನನ್ನಿಂದಾಗದು. ನಿಜವನ್ನು ನೀವೇ ಅವರಿಗೆ ಹೇಳಿ. ಹೇಳಿಯೂ ಕರೆದುಕೊಂಡು ಬನ್ನಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ ನಿಖಿಲನಿಗೆ ಚಿಕ್ಕಮ್ಮನ ಆಶೀರ್ವಾದ. ಅವನ ಪರೀಕ್ಷೆ ಚಲೋ ಆಗಲಿ.

ನಿಮ್ಮ
ಮೃದುಲಾ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಇವರು ಜೈನಬಳಿಗೆ ಅನ್ನುತ್ತಾರೆ, ಡಾಕ್ಟರಿಗೆ ಅನ್ನುತ್ತಾರೆ, ಕಿಟಕಿಯ ಕಾಗೆಗೂ ಅನ್ನುತ್ತಾರೆ. ನಾನು ಕೇಳಿದ್ದೆಲ್ಲ ಪಕ್ಕದ ಕೋಣೆಯಿಂದ. ಒಳಗೆ ಬಂದರೆ ಬಾಯಿ ಮುಚ್ಚಿ, ಲೋಟದ ಕಡೆ ಬೆರಳು ತೋರಿಸುತ್ತಾರೆ. ಆ ಶಬ್ದಕ್ಕೆ ಅರ್ಥವೇ ಉಳಿದಿಲ್ಲವಾದರೆ ನನ್ನ ಮುಂದೆ ಅದನ್ನು ಏಕೆ ತಡೆಹಿಡಿಯಬೇಕು? ನಿನ್ನೆ ಗಲ್ಲ ಹಿಡಿದು, “ನನಗೂ ಒಮ್ಮೆ ಅನ್ರಿ” ಅಂದೆ. ಮುಖ ಗೋಡೆಯ ಕಡೆ ತಿರುಗಿಸಿದರು.