ಎರಡು ಬಡಿತ ನಂಬಿ ಕೂತವರು

ಮುಲೆಂಬೆ, ಕಾಂಗೋದ ದಕ್ಷಿಣ ಸೀಮೆ
ಫೆಬ್ರವರಿ ಮೂವತ್ತು, 2189

ನನ್ನ ಅಜ್ಜಿಯ ಅಜ್ಜಿಯ ಅಜ್ಜಿ, ಕೋಲಾರದ ಗಣಿ ಲೈನಿನ ಮನೆಯಲ್ಲಿರುವ ಮುನಿತಾಯಮ್ಮನಿಗೆ ಪಿಳ್ಳಮ್ಮ ಅಡ್ಡಬಿದ್ದು ಮಾಡುವ ನಮಸ್ಕಾರ.

ತಾರೀಖು ನೋಡಿ ಬೆಚ್ಚಬೇಡ ಅಜ್ಜಿ, ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕಿದ ದಿನಗಳನ್ನು ಗಂಟುಕಟ್ಟಿ ವರ್ಷದ ಕೊನೆಗೆ ಇಟ್ಟಿದ್ದಾರೆ, ಅವು ಯಾವ ತಿಂಗಳಿಗೂ ಸೇರದ ರಜೆಗಳು. ನನ್ನ ಮಾತೂ ನಿನಗೆ ಸೊಟ್ಟಗೆ ಕೇಳಿಸಿದರೆ ಕ್ಷಮಿಸು. ನಿನ್ನ ಮೊಮ್ಮಗಳು ಫೋನಿನಲ್ಲಿ ಹಿಡಿದಿಟ್ಟ ನಿನ್ನ ಮಾತುಗಳು ನಮ್ಮ ಮನೆಯಲ್ಲಿ ಇನ್ನೂ ಉಳಿದಿವೆ. ಅದರಲ್ಲಿ ಮುಕ್ಕಾಲು ಪಾಲು ಬೈಗುಳವೇ. ನೀರು ಬಿಡುವವನಿಗೆ, ಬೀದಿನಾಯಿಗೆ, ಸೊಸೆಗೆ, ಮೋಡಕ್ಕೆ. ನಾನು ಕನ್ನಡ ಕಲಿತದ್ದು ಅದನ್ನು ಕೇಳಿಯೇ, ಹಾಗಾಗಿ ಎಲ್ಲಾದರೂ ಒರಟಾಗಿ ಬರೆದಿದ್ದರೆ ಅರ್ಧ ತಪ್ಪು ನಿನ್ನದು.

ಹೀಗೆ ತಮಾಷೆ ಮಾಡುತ್ತಾ ದಿನ ತಳ್ಳುವುದು ನನ್ನ ಚಾಳಿ. ವಿಷಯಕ್ಕೆ ಬರುತ್ತೇನೆ. ಇಲ್ಲಿ ಎದುರುಕೂಟ ಎಂಬ ಪದ್ಧತಿ ಇದೆ. ಯುದ್ಧ ಮುಗಿದ ಊರುಗಳಲ್ಲಿ ತಪ್ಪು ಮಾಡಿದವರನ್ನೂ ನೊಂದವರನ್ನೂ ಒಂದು ಮರದ ಹಲಗೆಯ ಆಚೆ ಈಚೆ ಕೂರಿಸುತ್ತಾರೆ. ಜೈಲಿಲ್ಲ, ವಕೀಲರಿಲ್ಲ. ಕೇಳಿದ್ದಕ್ಕೆ ನಿಜ ಹೇಳಬೇಕು, ಅಷ್ಟೆ. ಅಷ್ಟೆ ಅನ್ನುವುದಕ್ಕೇ ಎಷ್ಟೋ ಜನ ನಮಗೆ ಜೈಲೇ ಕೊಟ್ಟುಬಿಡಿ ಎಂದು ಕೈಮುಗಿದಿದ್ದಾರೆ. ಕೂರುವ ಮುನ್ನಾದಿನ ಹಿಂದೋಲೆ ಬರೆಯಬೇಕು. ಅಂದರೆ ಯಾರ ಮುಂದೆ ಸುಳ್ಳಾಡಲು ನಮಗೆ ನಾಲಗೆ ಬಾರದೋ ಅಂಥ ಹಿರಿಯರೊಬ್ಬರಿಗೆ ನಡೆದದ್ದನ್ನು ಬರೆಯಬೇಕು, ಅವರು ಎಷ್ಟು ತಲೆಮಾರು ಹಿಂದಿನವರಾದರೂ ಸರಿ. ಓಲೆ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ನಾನು ನೇಮಾ ಎಂಬ ಹೆಂಗಸಿನ ಎದುರು ಕೂರಬೇಕು. ಅದಕ್ಕೇ ನಿನ್ನನ್ನು ಎಬ್ಬಿಸಿದ್ದೇನೆ.

ನೀನೇ ಯಾಕೆ ಎಂದರೆ, ಆ ಸಲಾಕೆ. ನಿನ್ನ ಮನೆಯ ಗೋಡೆಗೆ ತೂಗುಹಾಕಿರುವ, ನಿನ್ನ ಗಂಡ ಚೌಡಪ್ಪ ಗಣಿಗೆ ಒಯ್ಯುತ್ತಿದ್ದ ಕಬ್ಬಿಣದ ಸಲಾಕೆ. ಅದು ಈಗ ನನ್ನ ಮಂಚದ ಪಕ್ಕದಲ್ಲಿದೆ. ಬಂಡೆಗೆ ಅದರಿಂದ ಬಡಿದು, ದನಿ ಕೇಳಿ, ಗಟ್ಟಿಯೋ ಟೊಳ್ಳೋ ಹೇಳುವ ವಿದ್ಯೆ ಆರು ತಲೆಮಾರು ದಾಟಿ ನನ್ನ ಕಿವಿಗೆ ಬಂತು. ನೀನು ಮೊಮ್ಮಕ್ಕಳಿಗೆ ಅಡುಗೆಮನೆ ಗೋಡೆಗೆ ಸೌಟಿನಿಂದ ಬಡಿದು ಆಟವಾಡಿಸುತ್ತೀಯಲ್ಲ, ಅದೂ ಬಂತು. ಒಂದು ಬಡಿತ ಎಂದರೆ ಯಾರಾದರೂ ಇದ್ದೀರಾ. ಎರಡು ಎಂದರೆ ನಾನಿದ್ದೀನಿ, ನೀನು ಅಲ್ಲೇ ಕೂತಿರು. ಮೂರು ಎಂದರೆ ಬಿದ್ದೆದ್ದು ಓಡಿ ಬಾ. ಬಂಡೆ ಸಿಡಿದು ಚೌಡಪ್ಪಜ್ಜ ಒಳಗೆ ಸಿಕ್ಕಿಬಿದ್ದಾಗ ಆಚೆಯಿಂದ ಅವನ ಜೊತೆ ಕೆಲಸದ ಮಸ್ತಾನ್ ಸಾಬಿ ಎರಡು ಬಡಿದ. ಅಜ್ಜ ಕೂತ. ಹತ್ತೊಂಬತ್ತು ಗಂಟೆ ಕೂತ. ಅಷ್ಟು ಹೊತ್ತೂ ಮಸ್ತಾನ್ ಸಾಬಿ ನೀರು ಕುಡಿಯಲಿಕ್ಕೂ ಆ ಜಾಗ ಬಿಟ್ಟು ಕದಲಲಿಲ್ಲ. ಎರಡು ಬಡಿದವನು ಅಲ್ಲಿಂದ ಏಳಬಾರದು ಕಣ್ರೋ, ಅಂತ ನೀನು ಫೋನಿನಲ್ಲಿ ಹೇಳಿದ್ದೀಯ. ಅದೊಂದು ಮಾತನ್ನು ಮಾತ್ರ ಬೈಯದೆ ಹೇಳಿದ್ದೀಯ.

ಇನ್ನು ನಾನಿಲ್ಲಿಗೆ ಬಂದ ಕಥೆ. ನಿನ್ನ ಫೋನಿನ ಬ್ಯಾಟರಿಯಲ್ಲಿ ಕೋಬಾಲ್ಟ್ ಎಂಬ ಲೋಹ ಒಂದು ಚಿಟಿಕೆ ಇರಬಹುದು. ನಮ್ಮ ಕಾಲಕ್ಕೆ ಅದಿಲ್ಲದೆ ಏನೂ ಓಡುವುದಿಲ್ಲ, ಬಸ್ಸಿನಿಂದ ಹಿಡಿದು ಹೊಲಕ್ಕೆ ನೀರೆತ್ತುವ ಪಂಪಿನವರೆಗೆ. ಜಗತ್ತು ಎರಡು ಕೂಟವಾಗಿ ಒಡೆದು, ಇಬ್ಬರೂ ಅದು ಸಿಗುವ ಈ ಗುಡ್ಡಗಳ ಮೇಲೆ ಕಣ್ಣು ಹಾಕಿದರು. ನಮ್ಮದು ಪೂರ್ವಕೂಟ. ಊರನ್ನು ದಂಗೆಕೋರರಿಂದ ಕಾಪಾಡುತ್ತೇವೆ ಎಂದು ಇಲ್ಲಿನ ಒಬ್ಬ ಮಂತ್ರಿಯಿಂದ ಕರೆಸಿಕೊಂಡು ನಮ್ಮ ಸೈನ್ಯ ಬಂತು. ಅದರ ಹೆಸರು ಆಸರೆ ಪಡೆ. ಇನ್ನೊಬ್ಬ ಮಂತ್ರಿಯಿಂದ ಕರೆಸಿಕೊಂಡು ಉತ್ತರಕೂಟದವರೂ ಬಂದರು, ಅವರ ಹೆಸರು ಇನ್ನೂ ಚೆನ್ನಾಗಿತ್ತು. ದೇಶ ದೋಚುವವರು ಬಿಳಿಯರು, ನಾವು ಅಂಥವರಲ್ಲ ಎಂದು ಶಾಲೆಯಲ್ಲಿ ಓದಿ ಬೆಳೆದವಳು ನಾನು. ನಮ್ಮ ಲಾರಿಗಳ ಮೇಲೆ ನಮ್ಮದೇ ಬಾವುಟ ಪಟಪಟ ಅನ್ನುತ್ತಿದ್ದಾಗ ಎದೆಯುಬ್ಬಿಸಿಕೊಂಡು ಕೂತಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಬೇಲಿಯ ಮೇಲೆ ಕೂತವರು ನೋಡುವುದಿಲ್ಲ ಅಜ್ಜಿ.

ನನ್ನನ್ನು ಕರೆಸಿಕೊಂಡದ್ದು ಕಲ್ಲುಗಿವಿಯಾಗಿ. ಎರಡೂ ಕೂಟದವರು ಒಬ್ಬರ ಯಂತ್ರದ ಕಣ್ಣಿಗೆ ಇನ್ನೊಬ್ಬರು ಮಣ್ಣೆರಚುವುದನ್ನು ಕಲಿತ ಮೇಲೆ ಯಂತ್ರಗಳೆಲ್ಲ ಕುರುಡಾದವು. ಆಗ ಸಲಾಕೆ ಹಿಡಿದು ಬಡಿದು ಕೇಳುವ ನಮ್ಮಂಥವರಿಗೆ ಬೆಲೆ ಬಂತು. ಇಲ್ಲಿನ ಗುಡ್ಡಗಳನ್ನು ಊರವರೇ ತಲೆತಲಾಂತರದಿಂದ ಕೈಯಲ್ಲಿ ಅಗೆದು ಜರಡಿ ಮಾಡಿದ್ದಾರೆ. ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂದು ಹಾಳೆಯಲ್ಲಿ ಗುರುತು ಹಾಕಿ ಸಹಿ ಮಾಡುವುದು ನನ್ನ ಕೆಲಸ. ಟೊಳ್ಳು, ಜನ ಇದ್ದಾರೆ ಎಂದು ಬರೆದರೆ ಸೈನಿಕರು ಎಳೆದು ತರುತ್ತಿದ್ದರು. ಟೊಳ್ಳು, ಖಾಲಿ ಎಂದು ಬರೆದರೆ ಏನು ಮಾಡುತ್ತಾರೆಂದು ನಾನು ಕೇಳಿರಲಿಲ್ಲ.

ಉಳಿದುಕೊಂಡದ್ದು ಫುರಾಹಾಳ ಮನೆಯಲ್ಲಿ. ಅವಳು ಗಂಡ ಸತ್ತವಳು, ನನ್ನ ವಯಸ್ಸಿನವಳು, ಬಾಯಿ ನಿನ್ನಂಥದೇ. ಜೋಳದ ಹಿಟ್ಟು ಕುದಿಸಿ, ಕೋಲಿನಿಂದ ತಿರುವಿ, ಉಂಡೆ ಕಟ್ಟಿ ಬುಕಾರಿ ಎಂದು ಮುಂದಿಟ್ಟಾಗ ನಾನು ಅತ್ತೇಬಿಟ್ಟೆ. ಬಣ್ಣವೊಂದು ಬೆಳ್ಳಗೆ, ಮಿಕ್ಕಿದ್ದೆಲ್ಲ ನಮ್ಮ ಮುದ್ದೆ. ಮುರಿದು ಸೊಪ್ಪಿನ ಸಾರಿಗೆ ಅದ್ದಿ ನುಂಗುವುದೂ ಹಾಗೇ. ನೀನು ಅಗಿಯದೆ ನುಂಗುತ್ತೀಯಲ್ಲ, ನಿನಗೆ ಹಲ್ಲು ಕೊಟ್ಟ ದೇವರಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ನಗುತ್ತಿದ್ದಳು. ಅವಳ ಒಬ್ಬಳೇ ಮಗಳು ನೇಮಾ ದೂರದ ಪಟ್ಟಣದಲ್ಲಿ ನರ್ಸಿಂಗ್ ಓದುತ್ತಿದ್ದಳು. ರಜೆಗೆ ಬಂದಾಗ ನನ್ನನ್ನು ಮಾಮಾ ಮ್ದೋಗೊ ಎನ್ನುತ್ತಿದ್ದಳು, ಅಂದರೆ ಚಿಕ್ಕಮ್ಮ. ನನ್ನ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಒಂದು ದಿನ ಸುಮ್ಮನೆ ಬಡಿತದ ಆಟ ಹೇಳಿಕೊಟ್ಟೆ. ಆಮೇಲೆ ಊಟಕ್ಕೆ ಕರೆಯುವುದೇ ಗೋಡೆ ಬಡಿದು. ಅವಳು ಒಂದು ಬಡಿಯುವಳು, ನಾನು ಎರಡು ಬಡಿಯುವೆ. ಚೌಡಪ್ಪಜ್ಜ ಹತ್ತೊಂಬತ್ತು ಗಂಟೆ ಕೂತ ಕಥೆಯನ್ನು ಅವಳು ನನ್ನಿಂದ ಹತ್ತು ಸಲ ಹೇಳಿಸಿದ್ದಾಳೆ. ಕೊನೆಗೆ ಅಕ್ಕಪಕ್ಕದವರಿಗೆ ಅವಳೇ ಹೇಳತೊಡಗಿದಳು, ನನಗಿಂತ ಚೆನ್ನಾಗಿ.

ಇಪ್ಪತ್ತೆರಡು ವರ್ಷದ ಹಿಂದೆ, ಮಳೆ ನಿಂತ ತಿಂಗಳು, ಉತ್ತರಕೂಟದವರು ಹೊಳೆ ದಾಟಿದರು. ಎರಡು ಕಡೆಯಿಂದಲೂ ಗುಂಡು. ಊರಿನ ಇಪ್ಪತ್ತಾರು ಜನ ಹಳೆಯ ಸುರಂಗವೊಂದರಲ್ಲಿ ಅಡಗಿದರು, ಹೆಚ್ಚಿನವರು ಹೆಂಗಸರು, ಮುದುಕರು. ಫುರಾಹಾ ಕೂಡ ಇದ್ದಳು. ನನಗದು ಗೊತ್ತಿರಲಿಲ್ಲ. ಊರು ಬಿಟ್ಟು ಓಡಿರಬೇಕು ಅಂದುಕೊಂಡಿದ್ದೆ. ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ನನ್ನನ್ನು ಆ ಗುಡ್ಡಕ್ಕೆ ಕಳಿಸಿದರು. ಪಕ್ಕದಲ್ಲಿ ಇಬ್ಬರು ಸೈನಿಕರು, ಒಬ್ಬನು ಹಾಡು ಗುನುಗುತ್ತಿದ್ದ. ಸಲಾಕೆ ಇಟ್ಟು ಒಂದು ಬಡಿದೆ. ಒಳಗಿನಿಂದ ಒಂದು ಬಂತು, ಸಣ್ಣಗೆ, ನನ್ನ ಕಿವಿಗಷ್ಟೇ ಕೇಳುವಷ್ಟು. ಅಡುಗೆಮನೆಯ ಬಡಿತ ಅದು. ಅವಳು ಬಡಿಯುವ ರೀತಿ ನನಗೆ ತಿಳಿಯದೇ? ನನ್ನ ಕೈ ಎರಡು ಬಡಿಯಿತು.

ನಾನಿದ್ದೀನಿ, ನೀನು ಅಲ್ಲೇ ಕೂತಿರು.

ಜನ ಇದ್ದಾರೆ ಎಂದು ಬರೆಯಲಿಲ್ಲ. ಹಿಂದಿನ ವಾರ ಇನ್ನೊಂದು ಗುಂಡಿಯಿಂದ ಎಳೆದು ತಂದವರನ್ನು ಶತ್ರುಗಳ ಕಡೆಯವರೆಂದು ಲಾರಿ ಹತ್ತಿಸಿದ್ದರು, ಅವರು ಮರಳಿ ಬರಲಿಲ್ಲ. ಅದಕ್ಕೆ ಟೊಳ್ಳು, ಖಾಲಿ ಎಂದು ಬರೆದು ಸಹಿ ಹಾಕಿದೆ. ಸೈನ್ಯದ ಕಣ್ಣು ತಪ್ಪಿಸಿ ಗೆಳತಿಯನ್ನು ಉಳಿಸಿದೆನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ, ಮುಂಡೇದು! ಮಾರನೇ ಬೆಳಿಗ್ಗೆ ಶಿಬಿರದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ನೆಲ ಒಂದು ಸಲ ಕುಸಿದೆದ್ದಂತಾಯಿತು. ಖಾಲಿ ಇರುವ ಸುರಂಗಗಳನ್ನು ಶತ್ರುಗಳು ಬಳಸಬಾರದೆಂದು ಸಿಡಿಮದ್ದು ಇಟ್ಟು ಮುಚ್ಚುವುದಕ್ಕೆ ಸಮತಟ್ಟು ಎಂದು ಹೆಸರಂತೆ, ಪಕ್ಕದಲ್ಲಿ ತಿನ್ನುತ್ತಿದ್ದವನು ಆಗ ಹೇಳಿದ. ತಟ್ಟೆ ಬಿಟ್ಟು ಅಧಿಕಾರಿಯ ಬಳಿ ಓಡಿದೆ. ಅವರು ನನ್ನ ಹಾಳೆಯನ್ನೇ ತೋರಿಸಿ, ಖಾಲಿ ಅಂತ ನೀವೇ ಬರೆದಿದ್ದೀರಲ್ಲ ಮೇಡಂ, ಅಲ್ವಾ, ಎಂದರು. ಸುಳ್ಳು ಬರೆದೆ ಎಂದರೆ ಶತ್ರುಗಳಿಗೆ ಸಹಾಯ ಮಾಡಿದವಳೆಂದು ನನ್ನನ್ನೂ ಲಾರಿ ಹತ್ತಿಸುತ್ತಿದ್ದರು. ಹೌದು ಎಂದೆ.

ಇಲ್ಲಿಯವರೆಗಿನದನ್ನು ನನ್ನ ಗಂಡನಿಗೆ ಹೇಳಿದ್ದೆ. ಅವನು ಪುಣ್ಯಾತ್ಮ, ನೀನು ಒಳ್ಳೇದಕ್ಕೇ ಮಾಡಿದ್ದು, ಗ್ರಹಚಾರ, ಎಂದು ತಲೆ ಸವರಿದ. ಮುಂದಿನದನ್ನು ಅವನು ಸಾಯುವವರೆಗೂ ಹೇಳಲಿಲ್ಲ. ಈ ಓಲೆಯಲ್ಲೂ ಇಷ್ಟು ಹೊತ್ತು ಮುದ್ದೆ, ಬಾವುಟ ಎಂದು ಸುತ್ತಿ ಬಳಸುತ್ತಿರುವುದು ಅದಕ್ಕೇ.

ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ನಾನೊಬ್ಬಳೇ ಗುಡ್ಡಕ್ಕೆ ಹೋದೆ. ಬಾಯಿ ಮುಚ್ಚಿಹೋಗಿದ್ದ ಸುರಂಗದ ಮೇಲೆ ಸಲಾಕೆ ಊರಿ ಕಿವಿಗೊಟ್ಟೆ. ಬಡಿತ ಬಂತು ಅಜ್ಜಿ. ಒಂದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು. ಯಾರಾದರೂ ಇದ್ದೀರಾ. ಆಗ ನಾನು ಕೂಗಿದ್ದರೆ, ಶಿಬಿರದ ಅಗೆಯುವ ಯಂತ್ರ ತರಿಸಿದ್ದರೆ, ಎಷ್ಟು ಜನ ಬದುಕುತ್ತಿದ್ದರೋ. ಒಬ್ಬರಾದರೂ, ಒಳಗಿನಿಂದ ಬಡಿಯುತ್ತಿದ್ದ ಆ ಒಬ್ಬಳಾದರೂ. ಲಾರಿಯ ಹೆದರಿಕೆ. ನನ್ನ ಸಹಿಯ ಹೆದರಿಕೆ. ಸಲಾಕೆ ಕಿತ್ತುಕೊಂಡು, ಹೆಗಲಿಗೇರಿಸಿ, ಶಿಬಿರಕ್ಕೆ ನಡೆದೆ. ತಿರುಗಿ ಒಂದು ಸಲವೂ ಬಡಿಯಲಿಲ್ಲ.

ಆಮೇಲೆ ಎರಡೂ ಕೂಟದವರು ಗುಡ್ಡಗಳನ್ನು ಪಾಲು ಮಾಡಿಕೊಂಡು ಕೈಕುಲುಕಿದರು. ನಾನು ಕೋಲಾರಕ್ಕೆ ಮರಳಿದೆ. ನೇಮಾ ನರ್ಸ್ ಆದಳು, ಇದೇ ಊರಿನಲ್ಲಿ ಉಳಿದಳು. ವರ್ಷಕ್ಕೊಮ್ಮೆ ನನಗೆ ಕಾಗದ ಬರೆಯುತ್ತಾಳೆ, ಮಾಮಾ ಮ್ದೋಗೊ, ಆರೋಗ್ಯವೇ, ಮಂಡಿನೋವು ಹೇಗಿದೆ, ಎಂದು. ಪ್ರತಿ ಕಾಗದಕ್ಕೂ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ. ಹೋದ ವರ್ಷ ಇಲ್ಲಿ ಎದುರುಕೂಟ ಶುರುವಾದಾಗ, ಆಸರೆ ಪಡೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಅವಳು ಒಂದೇ ಪ್ರಶ್ನೆ ಕಳಿಸಿದಳು. ನನ್ನಮ್ಮ ದಡ್ಡಿಯಲ್ಲ, ಮೂರನೇ ದಿನ ಗುಂಡಿನ ಸದ್ದು ನಿಂತಿತ್ತು, ಅವಳು ಹೊರಗೆ ಬರಬೇಕಿತ್ತು, ಬರಲಿಲ್ಲ. ಅಲ್ಲೇ ಕೂತಿರು ಎಂದು ಅವಳಿಗೆ ಹೇಳಿದವರು ಯಾರು? ನನಗೆ ಬಂದ ಪ್ರತಿಯ ಕೊನೆಗೆ ಕೈಬರಹದಲ್ಲಿ, ನೀವು ಉತ್ತರಿಸಬೇಕಿಲ್ಲ ಚಿಕ್ಕಮ್ಮ, ನಿಮಗೆ ಗೊತ್ತಿರಲಿಕ್ಕಿಲ್ಲ, ಎಂದು ಸೇರಿಸಿದ್ದಳು. ಯಾರೂ ಉತ್ತರಿಸಲಿಲ್ಲ. ನಾನು ಬರುತ್ತೇನೆ ಎಂದು ಬರೆದೆ. ತನಗೆ ಧೈರ್ಯ ಹೇಳಲು ಬಂದಿದ್ದೇನೆ, ನಾಳೆ ತನ್ನ ಪಕ್ಕದಲ್ಲೇ ಕೂರುತ್ತೇನೆ ಎಂದುಕೊಂಡು, ತನ್ನ ಮನೆಯಲ್ಲೇ ಇಳಿಸಿಕೊಂಡಿದ್ದಾಳೆ. ಈಗ ಅಡುಗೆಮನೆಯಲ್ಲಿ ಹಿಟ್ಟು ತಿರುವುತ್ತಿರುವ ಸದ್ದು ಕೇಳುತ್ತಿದೆ.

ಬರೆಯಲು ಕೂತಾಗ ನಿನ್ನಲ್ಲಿ ಒಂದು ಬೇಡಿಕೆ ಇಟ್ಟುಕೊಂಡಿದ್ದೆ. ಈ ಓಲೆ ಮುಟ್ಟಿದರೆ ಎರಡು ಬಡಿತದ ಅರ್ಥ ಬದಲಾಯಿಸಿಬಿಡು, ಎರಡಕ್ಕೇ ಓಡಿ ಬಾ ಅಂತ ಮಕ್ಕಳಿಗೆ ಕಲಿಸಿಬಿಡು, ಆಗ ನನ್ನ ಕೈ ಎರಡು ಬಡಿದರೂ ಫುರಾಹಾ ಹೊರಗೆ ಬರುತ್ತಾಳೆ, ಎಂದು. ಬರೆದೂ ಇದ್ದೆ. ಆ ಸಾಲುಗಳನ್ನು ಹೊಡೆದುಹಾಕಿದೆ. ಎರಡು ಬಡಿತದಲ್ಲಿ ಏನೂ ತಪ್ಪಿಲ್ಲ. ಮಸ್ತಾನ್ ಸಾಬಿಯ ಕೈಯಲ್ಲಿ ಅದೇ ಬಡಿತ ನಮ್ಮ ವಂಶ ಉಳಿಸಿತು. ಅವನು ಕೂತ, ನಾನು ಎದ್ದುಹೋದೆ. ಅದನ್ನೂ ನಿನ್ನ ಸೌಟಿನ ಮೇಲೆ ಹಾಕಲು ನೋಡಿದೆನಲ್ಲ, ಥೂ ನನ್ನ ಜನ್ಮಕ್ಕೆ.

ಹಾಗಾಗಿ ಕೇಳುವುದು ಇಷ್ಟೇ. ಆಟ ಹಾಗೇ ಕಲಿಸು. ಎರಡು ಬಡಿದವನು ಏಳಬಾರದು ಎಂಬ ಮಾತನ್ನು ಮಾತ್ರ ಇನ್ನೊಂದು ಹತ್ತು ಸಲ ಹೇಳು, ಬೈದೇ ಹೇಳು, ಬೈದದ್ದು ನಮ್ಮ ಮನೆಯಲ್ಲಿ ಚೆನ್ನಾಗಿ ಉಳಿಯುತ್ತದೆ. ಯಾವುದಾದರೂ ದೂರದ ನಾಡಿಗೆ ನಮ್ಮ ಬಾವುಟದ ಲಾರಿ ಹೊರಟಿತು, ಕಾಪಾಡಲಿಕ್ಕೆ ಹೋಗುತ್ತಿದ್ದಾರಂತೆ ಎಂದು ಯಾರಾದರೂ ಹಿಗ್ಗಿದರೆ, ಅಲ್ಲಿ ಕೊನೆಯವರೆಗೂ ಕೂರುವವರು ಯಾರು ಎಂದು ಕೇಳು.

ನೇಮಾ ಊಟಕ್ಕೆ ಕರೆಯುತ್ತಿದ್ದಾಳೆ. ಕೂಗಲಿಲ್ಲ, ಗೋಡೆಗೆ ಒಂದು ಬಡಿದಳು. ಅಮ್ಮನಿಂದ ಕಲಿತಿರಬೇಕು. ಉತ್ತರ ಬಾರದ್ದಕ್ಕೆ ಇನ್ನೊಮ್ಮೆ ಒಂದು ಬಡಿಯುತ್ತಿದ್ದಾಳೆ. ನಾಳೆಯವರೆಗೆ ಕಾಯುವುದು ಬೇಡ ಅಜ್ಜಿ. ಈ ಓಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ. ಹೇಳಿದ ಮೇಲೆ ಅವಳು ಏನೇ ಅಂದರೂ, ಹೊರಗೆ ಹೋಗು ಅಂದರೂ, ಅವಳ ಹೊಸಿಲ ಬಳಿ ಕೂತಿರುತ್ತೇನೆ, ಏಳುವುದಿಲ್ಲ.

ಗೋಡೆಗೆ ಎರಡು ಬಡಿದೆ.

ನಿನ್ನ
ಪಿಳ್ಳಮ್ಮ