ತೊಂಬತ್ತೊಂದು ಪರ್ಸೆಂಟ್ ಜೋಡಿ

ಅಕ್ಟೋಬರ್ 6, ಸೋಮವಾರ

ಏಳರ ಬ್ಯಾಚು ಮುಗಿಸಿ ಸ್ಟಾಫ್ ರೂಮಿನಲ್ಲಿ ಕೂತಿದ್ದೇನೆ. ಇವತ್ತು ರೀಸನಿಂಗಿನಲ್ಲಿ ದಿಕ್ಕಿನ ಲೆಕ್ಕ. ಉತ್ತರಕ್ಕೆ ಹತ್ತು ಮೀಟರ್ ನಡೆದು ಬಲಕ್ಕೆ ತಿರುಗಿದವನು ಈಗ ಯಾವ ಕಡೆ ಮುಖ ಮಾಡಿದ್ದಾನೆ... ಹಿಂದಿನ ಬೆಂಚಿನವರು ಮೊಬೈಲ್ ತೆಗೆದಿದ್ದರು. ಗದರಿದೆ. ಒಳಗಿಟ್ಟರು. ಬ್ಯಾಂಕ್ ಪರೀಕ್ಷೆಗೆ ಓದುವವರು, ಕೆಲವರು ನನಗಿಂತ ದೊಡ್ಡವರು. ಆದರೂ ನನಗೆ ಹೆದರುತ್ತಾರೆ. ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಕೋಚಿಂಗ್ ಸೆಂಟರಿನ ಗುರುಪಾದ ಸರ್‌ಗೆ ವರ್ಷಕ್ಕೊಂದು ಹುಚ್ಚು. ಹೋದ ವರ್ಷ ಪ್ರಾಣಾಯಾಮ. ಈ ವರ್ಷ ಪರ್ಸನಾಲಿಟಿ ಟೆಸ್ಟು. ಆನ್‌ಲೈನಿನಲ್ಲಿ ಪ್ರಶ್ನೆಗಳಿಗೆ ಉತ್ತರ ಒತ್ತುತ್ತ ಹೋದರೆ ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರ ಬರುತ್ತವೆ. ನೀವು ಎಂಥವರು ಅನ್ನುವುದು ಆ ನಾಲ್ಕರಲ್ಲಿ ಮುಗಿಯಿತು. ಎಲ್ಲರ ಹೆಸರಿನ ಮುಂದೆಯೂ ಬೋರ್ಡಿನ ಮೇಲೆ ಬರೆದಿದ್ದಾರೆ. ನನ್ನದು ಇಎನ್‌ಟಿಜೆ. ಲೀಡರ್ ಟೈಪ್ ಅಂತೆ. ಇಂಗ್ಲಿಷ್ ಕಲಿಸುವ ದಾಕ್ಷಾಯಿಣಿಯದು ಕಲಾವಿದರ ಟೈಪ್.

"ಒಂದ್ ರಂಗೋಲಿ ನೆಟ್ಟಗ ಹಾಕಾಕ ಬರೂದಿಲ್ಲ ನನಗ," ಅಂದಳು. "ನಿಂದು ಮಾತ್ರ ಖರೇ ಐತಿ ನೋಡು ಈವ್ಲಿನ್."

ಆಮೇಲೆ ಎಲ್ಲರೂ ಒಬ್ಬರದೊಬ್ಬರು ಹೋಲಿಸಿಕೊಂಡು ನಕ್ಕಿದ್ದೇ ನಕ್ಕಿದ್ದು. ಚಹಾ ಆರಿಹೋಯಿತು.

ಅಕ್ಟೋಬರ್ 9, ಗುರುವಾರ — ಸಂಜೆ

ಉಣಕಲ್ಲಿನಿಂದ ಒಂದು ಸಂಬಂಧ ಬಂದಿದೆ. ನೋಯೆಲ್. ಔಷಧಿ ಕಂಪನಿಯ ರೆಪ್. ಅಬ್ರಹಾಂ ಮಾಮಾ ತಂದದ್ದು — ಅವ್ವನ ಅಣ್ಣ, ಚರ್ಚ್ ಕಮಿಟಿಯಲ್ಲಿದ್ದಾರೆ. ಪಪ್ಪಾ ಹೋದ ಮೇಲೆ ನಮ್ಮ ಮನೆಯ ದೊಡ್ಡ ಮಾತೆಲ್ಲ ಅವರದೇ.

ಈ ವರ್ಷದಿಂದ ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚಿನ ಕೌನ್ಸೆಲಿಂಗಿಗೂ ಅದೇ ಟೆಸ್ಟು. ಹುಡುಗ ಹುಡುಗಿ ಇಬ್ಬರೂ ತುಂಬಬೇಕು. ರಿಜಿಸ್ಟರಿನಲ್ಲಿ ಅವ್ವನ ನಂಬರ್ ಇರುವುದರಿಂದ ಲಿಂಕು ಅವಳ ಫೋನಿಗೆ ಬಂತು. ಬಂದದ್ದೇ ಶುರು. ಸಾಲಿ ಟೀಚರ್ ಆಗಿ ರಿಟೈರ್ ಆದವಳು, ಪ್ರಶ್ನೆಪತ್ರಿಕೆ ಕಂಡರೆ ಕೈ ತಡೆಯುವುದಿಲ್ಲ. ರೊಟ್ಟಿ ಬಡಿಯುತ್ತ ಓದಿದಳು.

"ಮಂದ್ಯಾಗ ಕೂತಾಗ ನಿಮಗ ಹುರುಪು ಬರತೈತೇನು... ಇಲ್ಲ ಬಿಡು." ತಾನೇ ಒತ್ತಿದಳು. ಕಿರುಬೆರಳಿನಿಂದ, ಉಳಿದವಕ್ಕೆಲ್ಲ ಜೋಳದ ಹಿಟ್ಟು.

"ಅವ್ವ, ಬರತೈತಿ ನನಗ."

"ಯಾವಾಗ ನೋಡಿದ್ರೂ ಖೋಲ್ಯಾಗ ಕೂತಿರತಿ. ಸುಮ್ಕಿರು. ನಾ ಹಡದಾಕಿ, ನನಗ ಗೊತ್ತಿಲ್ಲೇನು?"

ಫಲಿತಾಂಶ ಐಎಸ್‌ಎಫ್‌ಜೆ. ಮಿತಭಾಷಿ. ಸೇವಾಭಾವ. ಜಗಳ ಸೇರುವುದಿಲ್ಲ. ಇನ್ನೊಬ್ಬರ ಆರೈಕೆಯಲ್ಲೇ ಸಂತೋಷ. ಓದುತ್ತ ಅವ್ವನ ಕಣ್ಣು ತುಂಬಿತು. "ಥೇಟ್ ನೀನ," ಅಂದಳು. ನನಗೆ ಹಸಿವು. ಹೂಂ ಅಂದೆ.

ಅಕ್ಟೋಬರ್ 16, ಗುರುವಾರ

ಅಬ್ರಹಾಂ ಮಾಮಾ ಪೇಡೆ ಡಬ್ಬಿ ಹಿಡಿದುಕೊಂಡೇ ಬಂದರು. ಎರಡೂ ರಿಪೋರ್ಟು ತಾಳೆ ನೋಡಿದ್ದಾರೆ. ತೊಂಬತ್ತೊಂದು ಪರ್ಸೆಂಟ್ ಮ್ಯಾಚ್. ಈ ಚರ್ಚಿನಲ್ಲಿ ಇಷ್ಟು ಯಾರಿಗೂ ಬಂದಿಲ್ಲವಂತೆ.

"ಜಾತಕ ಗೀತಕ ನಮ್ಮೊಳಗ ಇಲ್ಲವಾ. ಇದು ಸೈನ್ಸ್."

ಪೇಡೆ ತಿಂದೆ. ಹುಡುಗನನ್ನು ಒಂದೇ ಸಲ ನೋಡಿದ್ದೇನೆ. ಕೆಟ್ಟವನಲ್ಲ. ನೋಡೋಣ...

ಅಕ್ಟೋಬರ್ 26, ಭಾನುವಾರ — ಮಧ್ಯಾಹ್ನ

ಆರಾಧನೆ ಮುಗಿಸಿ ಉಣಕಲ್ಲಿಗೆ ಹೋಗಿದ್ದೆವು. ನೋಯೆಲ್‌ನ ತಾಯಿ ವಿಕ್ಟೋರಿಯಾ ಆಂಟಿ ಮನೆ ತೋರಿಸಿದರು. ಕೊನೆಯ ಕೋಣೆಯಲ್ಲಿ ಅವರ ಅತ್ತೆ. ಹಾಸಿಗೆ ಹಿಡಿದು ವರ್ಷಗಳಾಗಿವೆ. ಮುದುಕಿ ನನ್ನ ಕೈ ಹಿಡಿದು ಬಿಡಲೇ ಇಲ್ಲ.

"ನೋಡ್ರಿ, ಹೆಂಗ್ ಹೊಂದಿಕೊಂಡ್ರು," ಅಂದರು ಆಂಟಿ. "ನನಗ ಮೊಣಕಾಲ್ನೋವು, ಆಗೂದಿಲ್ಲ. ನರ್ಸ್ ಇಟ್ರ ಮನಿ ಮಂದಿಯಂಗ ಆಗತೈತೇನು? ನಿನ್ನ ಟೈಪಿನವರಿಗೆ ಇದ್ರಾಗ ಸಮಾಧಾನ ಸಿಗತೈತಂತ. ರಿಪೋರ್ಟಿನ್ಯಾಗ ಓದಿ ದೇವರಿಗೆ ಸ್ತೋತ್ರ ಅಂದ್ನಿ."

"ನಂದು ಮುಂಜಾನಿ ಕ್ಲಾಸ್ ಇರತಾವ್ರಿ ಆಂಟಿ."

"ಅವನ್ನೆಲ್ಲಾ ಬಿಟ್ರಾತು. ನಿನಗೂ ಹಗುರ."

ಬಿಡುವುದಿಲ್ಲ ಅಂದೆ. ಮೆಲ್ಲಗೆ ಅಂದೆನೋ ಏನೋ. ಆಂಟಿ ಅವ್ವನ ಕಡೆ ತಿರುಗಿ ನಕ್ಕರು. "ಹೊಸಾದಕ್ಕ ಅಂಜೂದು ಈ ಟೈಪಿನ ಸ್ವಭಾವರಿ." ಅವ್ವನೂ ನಕ್ಕಳು. ನೋಯೆಲ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಮದುವೆ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಆದ ಮೇಲೆ ಅಂದಳು. ಯಾವಾಗ ನಿಕ್ಕಿಯಾಯಿತೋ ಗೊತ್ತಾಗಲಿಲ್ಲ. ನಾನು ಅಜ್ಜಿಯ ಕೋಣೆಯಲ್ಲಿದ್ದಾಗ ಇರಬೇಕು.

ಅಕ್ಟೋಬರ್ 29, ಬುಧವಾರ

ಟೆಸ್ಟು ಮತ್ತೆ ಮಾಡಿದೆ. ಸ್ಟಾಫ್ ರೂಮಿನಲ್ಲಿ ಕೂತು ತುಂಬಿದರೆ ಲೀಡರ್. ಮನೆಗೆ ಬಂದು ಅದನ್ನೇ ತುಂಬಿದೆ. ಬೇರೆ ಏನೋ ಬಂತು — ತತ್ವಜ್ಞಾನಿಯಂತೆ. ನಾನೇ ನಾನು, ಅವೇ ಪ್ರಶ್ನೆ.

ದಾಕ್ಷಾಯಿಣಿಗೆ ಎಲ್ಲ ಹೇಳಿದೆ. ಅವಳಿಗೆ ಹೋದ ವರ್ಷ ಒಬ್ಬ ಗೊಬ್ಬರದ ಅಂಗಡಿಯವನು ಬಂದಿದ್ದ. ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಜಾತಕದಲ್ಲಿ ಕುಜದೋಷ ಬಂದು ಅವರೇ ಬಿಟ್ಟರು.

"ನನ್ನನ್ನ ಆ ಕುಜಾನ ಉಳಿಸಿದವಾ. ನಿನ್ನ ರಿಪೋರ್ಟಿನ್ಯಾಗ ಒಂದ ದೋಷನೂ ಇಲ್ಲಲ್ಲ," ಅಂದಳು. ನಗಿಸಲಿಕ್ಕೆ ಅಂದದ್ದು. ನನಗೆ ಅಳು ಬಂತು.

ನವೆಂಬರ್ 4, ಮಂಗಳವಾರ

ಹೇಳಿಯೇಬಿಟ್ಟೆ. "ನನಗ ಈ ಸಂಬಂಧ ಬ್ಯಾಡ ಅವ್ವ. ನಾ ಕ್ಲಾಸ್ ಬಿಡೂದಿಲ್ಲ."

ಅವ್ವ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ತಲೆ ಸವರಿದಳು. "ಅಂಜಬ್ಯಾಡ. ಬದಲಾವಣಿ ಅಂದ್ರ ನಿನ್ನ ಟೈಪಿನವರಿಗೆ ಮೊದಲ ಕಸಿವಿಸಿ ಆಗತೈತಿ, ಆಮ್ಯಾಲ ಹೊಂದಿಕೊಂತಾರ ಅಂತ ಬರದಾರ."

"ಅದು ನನ್ನ ಟೈಪ್ ಅಲ್ಲ. ನೀ ತುಂಬಿದ್ದು." ಫೋನ್ ತೆಗೆದು ಸೆಂಟರಿನ ರಿಸಲ್ಟ್ ತೋರಿಸಿದೆ.

ನೋಡಿದಳು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದಳು. "ಇದು ನೌಕರಿದು. ನೌಕರ್ಯಾಗ ಎಲ್ಲಾರೂ ಬ್ಯಾರೇನ ಇರತಾರ. ಸಾಲ್ಯಾಗ ನನ್ನ ಕಂಡ್ರ ಹುಡುಗೂರು ನಡಗತಿದ್ರು. ಮನ್ಯಾಗ ನಿಮ್ಮಪ್ಪನ ಮುಂದ ಒಂದ್ ದಿನಾನರ ತುಟಿ ಪಿಟಕ್ ಅಂದೇನೇನು?"

ಹೆಮ್ಮೆಯಿಂದಲೇ ಅಂದಳು. ಎದ್ದುಹೋಗಿ ಪಾತ್ರೆ ತಿಕ್ಕಿದೆ. ಸಿಟ್ಟಿಗೆ ತೊಳೆದಿಟ್ಟಿದ್ದನ್ನೂ ತಿಕ್ಕಿದೆ. ಹೊರಗೆ ಅವ್ವ ವಿಕ್ಟೋರಿಯಾ ಆಂಟಿಗೆ ಫೋನಿನಲ್ಲಿ ಹೇಳುತ್ತಿದ್ದಳು — "ಸಿಟ್ಟು ಬಂದ್ರೂ ಕೆಲಸಾನ ಮಾಡತಾಳ್ರಿ ನಮ್ಮಾಕಿ. ಖರೇನ ಬರದಾರ ಅದ್ರಾಗ."

ಹೂಂ ಅಂದರೆ ನನ್ನ ಟೈಪು. ಬೇಡ ಅಂದರೆ ಅಂಜಿಕೆ, ಅದೂ ನನ್ನ ಟೈಪು. ಸುಮ್ಮನಿದ್ದರಂತೂ ಕೇಳುವುದೇ ಬೇಡ.

ನವೆಂಬರ್ 9, ಭಾನುವಾರ

ಚರ್ಚಿನಲ್ಲಿ ಮೊದಲ ಪ್ರಕಟಣೆ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹೆಸರು ಓದುತ್ತಾರೆ. "ಈ ವಿವಾಹಕ್ಕೆ ಅಡ್ಡಿ ಏನಾದರೂ ಯಾರಿಗಾದರೂ ತಿಳಿದಿದ್ದರೆ ಈಗಲೇ ತಿಳಿಸತಕ್ಕದ್ದು." ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಯಾರೂ ಯಾವತ್ತೂ ತಿಳಿಸಿಲ್ಲ. ಪಾಸ್ಟರೂ ಕಾಯುವುದಿಲ್ಲ, ಅದೇ ಉಸಿರಿನಲ್ಲಿ ಮುಂದಿನ ಸ್ತೋತ್ರದ ನಂಬರ್ ಹೇಳುತ್ತಾರೆ.

ನವೆಂಬರ್ 13, ಗುರುವಾರ — ಸಂಜೆ

ನೋಯೆಲ್ ಫೋನ್ ಮಾಡಿ ಕರೆದಿದ್ದ. ಉಣಕಲ್ ಕೆರೆಯ ದಂಡೆಯ ಮೇಲೆ ಕೂತೆವು. ಶೇಂಗಾ ತಂದಿದ್ದ. ಸುಲಿದು ಸುಲಿದು ನನ್ನ ಕಡೆ ಇಡುತ್ತಿದ್ದ.

"ನಿಮ್ಮ ರಿಪೋರ್ಟ್ ಓದೀನ್ರಿ. ನಿಮ್ಮನ್ನ ನೋಡಿದ್ರ ಹಂಗ ಅನಸೂದಿಲ್ಲ."

"ಅದು ನಮ್ಮವ್ವ ತುಂಬಿದ್ದು."

ಸುಲಿಯುವುದು ನಿಲ್ಲಿಸಿದ. "ನಂದು ನಮ್ಮ ಮಮ್ಮಿ ತುಂಬ್ಯಾರ್ರಿ. ನಾ ಟೂರಿನ ಮ್ಯಾಲಿದ್ನಿ."

ಒಬ್ಬರ ಮುಖ ಒಬ್ಬರು ನೋಡಿದೆವು. ಹಾಗಾದರೆ ತೊಂಬತ್ತೊಂದು ಪರ್ಸೆಂಟ್ ಹೊಂದಿದ್ದು ನಮ್ಮವ್ವ ಮತ್ತು ಅವನ ಮಮ್ಮಿ! ನಕ್ಕು ನಕ್ಕು ನನಗೆ ಶೇಂಗಾ ನೆತ್ತಿಗೇರಿತು. ಅವನು ಬಾಟಲಿ ಕೊಟ್ಟ. ಇಷ್ಟು ದಿನದಲ್ಲಿ ಮೊದಲ ಸಲ ಹಗುರ ಅನ್ನಿಸಿತ್ತು.

"ಪಾಸ್ಟರಿಗೆ ಹೇಳೂಣೇನ್ರಿ?"

"ಈಗ್ಯಾಕ್ರಿ... ಹಾಲ್ ಬುಕ್ ಆಗೇತಿ." ತೊಡೆಯ ಮೇಲಿನ ಸಿಪ್ಪೆ ಕೊಡವಿಕೊಂಡ. "ಮತ್ತ, ನೀವು ನನ್ನ ಮನಸ್ಸಿಗೆ ಬಂದೀರಿ."

"ಹಂಗಾರ ನನ್ನ ಕ್ಲಾಸು?"

"ಅದು ಮಮ್ಮಿಗೆ ಕೇಳಬೇಕ್ರಿ."

"ನೀವ ಒಮ್ಮೆ ಖುದ್ದ ಕೂತು ತುಂಬಿ ನೋಡ್ರಲ್ಲ ಆ ಟೆಸ್ಟು."

"ಬ್ಯಾಡ್ರಿ," ಅಂದ. "ಬ್ಯಾರೆ ಏನರ ಬಂದ್ರ ಏನ್ ಮಾಡೂದು?"

ತಮಾಷೆಗೆ ಅನ್ನಲಿಲ್ಲ. ಒಳ್ಳೆಯ ಹುಡುಗ. ಬೇರೆ ಮನೆಯಲ್ಲಿ ಹುಟ್ಟಿದ್ದರೆ ನಾನೇ ಹೂಂ ಅನ್ನುತ್ತಿದ್ದೆನೇನೋ. ಅದಕ್ಕೇ ಇನ್ನೂ ಸಂಕಟ.

ನವೆಂಬರ್ 16, ಭಾನುವಾರ

ಎರಡನೆಯ ಪ್ರಕಟಣೆ. ಪಕ್ಕದ ಬೆಂಚಿನವರು ಮೊಣಕೈಯಿಂದ ತಿವಿದು ನಕ್ಕರು. ನಾನೂ ನಕ್ಕೆ.

ನವೆಂಬರ್ 20, ಗುರುವಾರ

ಸೆಂಟರಿನ ಬೋರ್ಡಿನ ಮೇಲೆ ನನ್ನ ಹೆಸರಿಲ್ಲ. ನನ್ನ ಜಾಗದಲ್ಲಿ ಯಾರೋ ಹೊಸ ಟೀಚರ್, ಋತುಜಾ ಅಂತ ಬರೆದಿದೆ, ಮುಂದೆ ನಾಲ್ಕು ಅಕ್ಷರ. ಗುರುಪಾದ ಸರ್ ಹತ್ತಿರ ಹೋದೆ.

"ನಿಮ್ಮ ತಾಯಿಯವರು ಫೋನ್ ಮಾಡಿದ್ರಲ್ರಿ. ಈ ತಿಂಗಳ ತನಕ ಅಷ್ಟ ಅಂತ. ಅಭಿನಂದನೆಗಳು."

"ನಾ ಹೇಳಿಲ್ರಿ ಸರ್."

"ತಾಯಿ ಹೇಳಿದ್ರ ನೀವ ಹೇಳಿದಂಗಲ್ರಿ?" ಅಂದರು. ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು. "ಆಕಿಗೆ ಇನ್ನೂ ಪಕ್ಕಾ ಮಾಡಿಲ್ರಿ. ಸೋಮವಾರ ಬಂದು ಹೇಳ್ರಿ. ಆದ್ರ ಸೋಮವಾರ ದಾಟಿದ್ರ ನನ್ನ ಕೈಯಾಗ ಇಲ್ಲ."

ಮನೆಗೆ ಬಂದು ಅವ್ವನನ್ನು ಕೇಳಿದೆ. ನಿನಗೆ ಹೇಳಲು ಮುಜುಗರವಾಗುತ್ತದೆ ಅಂತ ತಾನೇ ಹೇಳಿದಳಂತೆ. ನನ್ನ ಟೈಪಿನವರಿಗೆ ರಾಜೀನಾಮೆ ಕೊಡುವುದು ಬಲು ಕಷ್ಟವಂತೆ. ನನ್ನ ಮೇಲಿನ ಪ್ರೀತಿಯಿಂದಲೇ ಮಾಡಿದ್ದಾಳೆ. ಅದನ್ನು ಯಾರ ಹತ್ತಿರ ದೂರು ಹೇಳಲಿ?

ನವೆಂಬರ್ 23, ಭಾನುವಾರ — ಮಧ್ಯಾಹ್ನ ಮೂರು

ಎದ್ದು ನಿಂತುಬಿಟ್ಟೆ.

ಯೋಚನೆ ಮಾಡಿ ಹೋದದ್ದಲ್ಲ. ಪಾಸ್ಟರ್ ಮೂರನೆಯ ಸಲ ಓದಿದರು. ತಿಳಿಸತಕ್ಕದ್ದು ಅಂದರು. ಸ್ತೋತ್ರದ ನಂಬರಿಗೆ ಬಾಯಿ ತೆರೆದರು. ಅಷ್ಟರಲ್ಲಿ ನಾನು ನಿಂತಿದ್ದೆ. ಎಲ್ಲ ತಲೆಗಳೂ ತಿರುಗಿದವು. ಅವ್ವ ನನ್ನ ಸೆರಗು ಜಗ್ಗಿದಳು. ಕೂರಲಿಲ್ಲ. ಕ್ಲಾಸಿನಲ್ಲಿ ಬರುವ ದನಿಯೇ ಬಂತು.

"ನನಗ ಅಡ್ಡಿ ಐತ್ರಿ."

ಪಾಸ್ಟರ್ ಗಾಬರಿಯಾದರು. ಪಾಪ, ಅವರ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಆರಾಧನೆ ಆದ ಮೇಲೆ ಒಳಕೋಣೆಗೆ ಬಾರಮ್ಮಾ ಅಂದರು. ಸ್ತೋತ್ರ ಯಾರೂ ಸರಿಯಾಗಿ ಹಾಡಲಿಲ್ಲ.

ಒಳಕೋಣೆಯಲ್ಲಿ ಎಲ್ಲರೂ ಇದ್ದರು, ಕೊನೆಯ ಪ್ರಕಟಣೆಗೆಂದು ಉಣಕಲ್ಲಿನಿಂದ ಬಂದಿದ್ದ ನೋಯೆಲ್, ಅವನ ಮಮ್ಮಿ ಕೂಡ. ಏನು ಕಾರಣ ಅಂತ ಪಾಸ್ಟರ್ ಕೇಳಿದರು. ಮನಸ್ಸಿಲ್ಲ ಅಂದೆ. "ಮನಸ್ಸಿಲ್ಲ ಅನ್ನೂದು ಕಾರಣ ಅಲ್ಲವಾ," ಅಂದರು ಅಬ್ರಹಾಂ ಮಾಮಾ. ಕೆಲಸ ಬಿಡುವುದಿಲ್ಲ ಅಂದೆ. ಆ ರಿಪೋರ್ಟುಗಳನ್ನು ತುಂಬಿದವರು ನಾವಲ್ಲ, ನಮ್ಮ ತಾಯಂದಿರು ಅಂದೆ. ಪಾಸ್ಟರ್ ನೋಯೆಲ್‌ನನ್ನು ನೋಡಿದರು. ಅವನು ಬೂಟು ನೋಡಿಕೊಂಡ.

"ಹೌದ್ರಿ," ಅಂದ ಕೊನೆಗೆ. "ಈವ್ಲಿನ್ ಹೆಂಗಂತಾರ ಹಂಗ."

ವಿಕ್ಟೋರಿಯಾ ಆಂಟಿ ಮಾತ್ರ ಅವ್ವನಿಗೆ ಹೇಳಿದರು — "ಈ ಹುಡುಗಿ ಹಿಂಗ ಮಾಡಾಕಿ ಅಲ್ರಿ. ಯಾರೋ ಹೇಳಿಕೊಟ್ಟಾರ."

ಮುಂದಿನ ಭಾನುವಾರ ಮತ್ತೊಮ್ಮೆ ಓದುತ್ತೇನೆ, ಅಷ್ಟರೊಳಗೆ ಪ್ರಾರ್ಥನೆ ಮಾಡಿ ನಿರ್ಧರಿಸಿರಿ ಅಂದರು ಪಾಸ್ಟರ್. ಅಂದರೆ ಇನ್ನೂ ಮುಗಿದಿಲ್ಲ. ಇನ್ನೊಂದು ವಾರ ಇದೇ ಮನೆ, ಇದೇ ಮುಖಗಳು.

ಆಟೋ ಹಿಡಿದು ಮಾಳಮಡ್ಡಿಯ ಮನೆಗೆ ಬಂದೆವು. ಅವ್ವ ಚರ್ಚಿನ ಸೀರೆ ಬದಲಿಸಿಲ್ಲ. ಉಂಡಿಲ್ಲ. ಈಗ ನನ್ನ ಕೋಣೆಯ ಬಾಗಿಲಿಗೆ ಬಂದು ಕೇಳಿದಳು.

"ಹಂಗಾರ ನಿನಗ ಏನ್ ಬೇಕು, ಹೇಳು."

ಸಿಟ್ಟಿನಿಂದ ಕೇಳಿದಳೋ, ನಿಜವಾಗಿ ಕೇಳಿದಳೋ ತಿಳಿಯಲಿಲ್ಲ. ನಾನು ತಲೆ ಎತ್ತಿಲ್ಲ. ಬರೆಯುತ್ತಲೇ ಇದ್ದೇನೆ. ಬೇಡವಾದದ್ದನ್ನು ಹೇಳಿದ್ದಾಯಿತು. ನಾಳೆ ಸೋಮವಾರ, ಸರ್‌ಗೆ ಹೇಳಬೇಕು; ಆದರೆ ಬೇಕಾದದ್ದು ಕ್ಲಾಸು ಒಂದೇನಾ? ಅದಷ್ಟೇ ಸಾಕಾ? ಪೆನ್ನು ನಿಂತರೆ ಉತ್ತರ ಕೊಡಬೇಕು. ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತಾಳೆ ಅಂದುಕೊಂಡೆ.

ಹೋಗುತ್ತಿಲ್ಲ. ಕುರ್ಚಿ ಎಳೆದಳು. ಕೂತಳು. ಕೈಯಲ್ಲಿ ಫೋನಿಲ್ಲ, ಏನೂ ಇಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದಾಳೆ.

ಪೆನ್ನು ಇಡುತ್ತೇನೆ, ಬಾಯಿಬಿಟ್ಟೇ ಹೇಳುತ್ತೇನೆ. ಅವ್ವ, ನನಗ...